ಒಂದು ಮಗುವಿಗೆ 80 ಸೆಕೆಂಡ್

ಸಣ್ಣದೊಂದು ಭಾಗಾಕಾರ ಮಾಡೋಣ. ಒಂದು ಪೀರಿಯಡ್ಡಿಗೆ 40 ನಿಮಿಷ, ಅಂದರೆ 2400 ಸೆಕೆಂಡ್. ತರಗತಿಯಲ್ಲಿ 30 ಮಕ್ಕಳು. ಶಿಕ್ಷಕರು ಒಂದು ಗಳಿಗೆಯನ್ನೂ ಪೋಲು ಮಾಡದೆ ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ 80 ಸೆಕೆಂಡ್ ಬರುತ್ತದೆ. ಹಾಜರಿ ಕೂಗಬೇಕು, ನೋಟ್‌ಬುಕ್ ಹಂಚಬೇಕು, ‘ಮಿಸ್, ಇವ್ನು ನನ್ನ ರಬ್ಬರ್ ಕೊಡ್ತಿಲ್ಲ’ ಎಂಬ ದೂರು ವಿಚಾರಿಸಬೇಕು, ಇವತ್ತು ಎಷ್ಟು ಮಕ್ಕಳಿಗೆ ಊಟ ಎಂದು ಬಾಗಿಲಲ್ಲಿ ನಿಂತ ಅಡುಗೆಯವರಿಗೆ ಹೇಳಬೇಕು. ಇಷ್ಟೆಲ್ಲ ಕಳೆದ ಮೇಲೆ ಆ 80ರಲ್ಲಿ ಉಳಿಯುವುದೆಷ್ಟು ಎಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು.

ಇದು ಒಂದೇ ತರಗತಿ ಇರುವ ಕೋಣೆಯ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ತರಗತಿ ಐದು, ಶಿಕ್ಷಕರು ಇಬ್ಬರು ಎಂದಾಗ ಎರಡು ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕೂರಲೇಬೇಕು. ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದು ನಿತ್ಯದ ಸ್ಥಿತಿ. ಒಬ್ಬರಿಗೆ ಅಕ್ಷರ ತಿದ್ದಿಸುವಾಗ ಇನ್ನೊಬ್ಬರಿಗೆ ಕೂಡುವ ಲೆಕ್ಕ, ಮತ್ತೊಬ್ಬರಿಗೆ ಪದ್ಯ.

ಹೀಗಾಗಿ ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಎಲ್ಲಕ್ಕಿಂತ ಕೊರತೆ ಇರುವುದು ಶಿಕ್ಷಕರ ಗಮನಕ್ಕೆ. ಚಾರ್ಟು, ಕಾರ್ಡು, ಪ್ರೊಜೆಕ್ಟರು ಎಷ್ಟಿದ್ದರೂ ಗಮನವನ್ನು ಅಂಗಡಿಯಿಂದ ತರಲಾಗದು, ಇರುವುದನ್ನೇ ಹಂಚಿಕೊಳ್ಳಬೇಕು. ತರಬೇತಿಗಳಲ್ಲಿ ಹೇಳಿಕೊಡುವ ನೂರೆಂಟು ಬೋಧನಾ ತಂತ್ರಗಳನ್ನು ಅಳೆಯಲು ಹಾಗಾಗಿ ಒಂದು ಸರಳ ಪ್ರಶ್ನೆ ಸಾಕು. ಈ ತಂತ್ರ ಶಿಕ್ಷಕರನ್ನು ಬೇಡದ ಕೆಲಸದಿಂದ ಬಿಡಿಸಿ, ಈ ಹೊತ್ತು ಅವರು ಬೇಕಾಗಿರುವ ಮಗುವಿನ ಪಕ್ಕ ಕೂರಿಸುತ್ತದೆಯೇ? ಹೌದಾದರೆ ಇಟ್ಟುಕೊಳ್ಳಬಹುದು. ಇಲ್ಲವಾದರೆ ಅದು ಎಷ್ಟೇ ಬಣ್ಣಬಣ್ಣವಾಗಿದ್ದರೂ ಬಿಡಬಹುದು.

ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಉಪಾಯ

ಈ ಕೊರತೆಗೆ ಕರ್ನಾಟಕದ ಶಿಕ್ಷಕರೇ ಕಂಡುಕೊಂಡ ಉತ್ತರವೊಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಅದು. ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಾಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆಂದು ಕಾರ್ಡು ಮತ್ತು ಏಣಿಯ ಪದ್ಧತಿಯೊಂದನ್ನು ಕಟ್ಟಿದ್ದರು. ಕೋಟೆಯ ಶಿಕ್ಷಕರು ಅದನ್ನು ಕಂಡು ಬಂದು, ನಮ್ಮ ಪಠ್ಯಕ್ಕೆ, ನಮ್ಮ ಅಕ್ಷರಕ್ಕೆ ಹೊಂದುವ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೇ ತರಗತಿಗೂ ಹಬ್ಬಿತು.

ನಲಿ-ಕಲಿ ಎಂದರೆ ಹಾಡು, ಕುಣಿತ ಎಂದುಕೊಂಡವರೇ ಹೆಚ್ಚು. ಅದರ ನಿಜವಾದ ಜಾಣ್ಮೆ ಇರುವುದು ಕೂರುವ ಕ್ರಮದಲ್ಲಿ. ಕಲಿಯಬೇಕಾದದ್ದನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದು, ಗೋಡೆಯ ಕಲಿಕಾ ಏಣಿಯಲ್ಲಿ ಚಿತ್ರ ಮತ್ತು ಸಂಖ್ಯೆಯೊಂದಿಗೆ ಜೋಡಿಸಿರುತ್ತಾರೆ. ಮಗು ಏಣಿಯಲ್ಲಿ ತಾನು ನಿಂತ ಮೆಟ್ಟಿಲು ನೋಡಿ, ಆ ಚಿತ್ರದ ಕಾರ್ಡು ಎತ್ತಿಕೊಂಡು, ಅದಕ್ಕೆ ಸೇರಿದ ಗುಂಪಿಗೆ ಹೋಗಿ ಕೂರುತ್ತದೆ. ‘ತಟ್ಟೆ’ ಎಂದು ಕರೆಯುವ ಈ ಗುಂಪುಗಳು ಐದು. ಮೊದಲನೆಯದಕ್ಕೆ ಶಿಕ್ಷಕರ ಪೂರ್ತಿ ಸಹಾಯ, ಎರಡನೆಯದಕ್ಕೆ ಅಷ್ಟಿಷ್ಟು ಸಹಾಯ. ಮೂರನೆಯದರಲ್ಲಿ ಸಹಪಾಠಿಗಳೇ ಹೇಳಿಕೊಡುತ್ತಾರೆ, ನಾಲ್ಕನೆಯದರಲ್ಲಿ ಅವರೂ ಆಗಾಗ ಮಾತ್ರ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ.

ಗದ್ದೆಗೆ ನೀರು ಬಿಡುವವರು ಒಂದೇ ಕಾಲುವೆಯ ನೀರನ್ನು ಸಲಿಕೆಯಿಂದ ಮಡಿಯಿಂದ ಮಡಿಗೆ ತಿರುಗಿಸಿದ ಹಾಗೆ ಇಲ್ಲಿ ಗಮನವನ್ನು ತಿರುಗಿಸಲಾಗುತ್ತದೆ. ಶಿಕ್ಷಕರು ಮೊದಲ ಗುಂಪಿನೊಂದಿಗೆ ನೆಲದ ಮೇಲೆ ಕೂತಿರುವಾಗ ಉಳಿದ ನಾಲ್ಕು ಗುಂಪುಗಳಿಗೂ ಕೈತುಂಬ ಕೆಲಸ ಇರುತ್ತದೆ. ಇನ್ನೊಂದು ಲಾಭವೂ ಉಂಟು. ಅಪ್ಪ ಅಮ್ಮನೊಂದಿಗೆ ಕಬ್ಬು ಕಡಿಯಲು ಹೋಗಿ ತಿಂಗಳು ಬಿಟ್ಟು ಬಂದ ಮಗುವಿಗೆ ‘ಪಾಠ ಮುಂದೆ ಹೋಗಿದೆ’ ಎಂಬ ಮಾತಿಲ್ಲ. ಬಿಟ್ಟುಹೋದ ಮೆಟ್ಟಿಲು ಅಲ್ಲೇ ಇರುತ್ತದೆ, ಅಲ್ಲಿಂದಲೇ ಹತ್ತಬೇಕು.

ಕಾರ್ಡಿಲ್ಲದ ಶಾಲೆಗಳೂ, ನಾಲ್ಕು–ಐದನೇ ತರಗತಿಯವರೂ ಈ ತತ್ವವನ್ನು ಎರವಲು ತರಬಹುದು. ಯಾವ ಪಾಠಕ್ಕೇ ಆಗಲಿ ಮೂರು ಬಗೆಯ ಕೆಲಸ ಸಿದ್ಧವಿಟ್ಟುಕೊಳ್ಳುವುದು: ನನ್ನೊಂದಿಗೆ ಮಾಡುವುದು, ಜೊತೆಗಾರರೊಂದಿಗೆ ಮಾಡುವುದು, ಒಬ್ಬರೇ ಮಾಡುವುದು. ಮಳೆಯ ಪಾಠವಾದರೆ ಒಂದು ಗುಂಪು ಶಿಕ್ಷಕರ ಜೊತೆ ಹೊಸ ಪದಗಳನ್ನು ಓದುತ್ತದೆ. ಇನ್ನೊಂದು ಗುಂಪು ಜೋಡಿಯಾಗಿ ಪಾಠವನ್ನು ಸರದಿಯಲ್ಲಿ ಓದುತ್ತದೆ. ಮೂರನೆಯದು ತಮ್ಮೂರ ಕೆರೆಯ ಚಿತ್ರ ಬರೆದು ಕೆಳಗೆ ಮೂರು ವಾಕ್ಯ ಸೇರಿಸುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಬದಲಿ.

ಜೂನ್ ತಿಂಗಳ ಬಂಡವಾಳ

ಗುಂಪು ಮಾಡಿದರೆ ಗಲಾಟೆ ಎಂಬುದು ಎಲ್ಲ ಶಿಕ್ಷಕರ ಮೊದಲ ಆಕ್ಷೇಪ. ಅದು ನ್ಯಾಯವಾದದ್ದೇ. ಗಲಾಟೆಗೆ ಬಹುಪಾಲು ಕಾರಣ ಮಕ್ಕಳಿಗೆ ‘ಮುಂದೇನು’ ಎಂದು ತಿಳಿಯದಿರುವುದು. ಪ್ರತಿಯೊಂದಕ್ಕೂ ‘ಮಿಸ್’ ಎಂದು ಕೂಗಬೇಕಾದ ಕೋಣೆಯಲ್ಲಿ ಶಿಕ್ಷಕರು ಎಲ್ಲಿಯೂ ಎರಡು ನಿಮಿಷ ಕೂರಲಾರರು.

ಶಾಲೆ ಆರಂಭವಾದ ಮೊದಲ ಎರಡು ವಾರವನ್ನು ಪಾಠಕ್ಕಿಂತ ಹೆಚ್ಚಾಗಿ ರೂಢಿಗಳಿಗೆ ಕೊಡುವುದು ಅದಕ್ಕೇ ಒಳ್ಳೆಯದು. ಬಾಗಿಲ ಬಳಿ ಜೇಬುಗಳಿರುವ ಬಟ್ಟೆಯೊಂದನ್ನು ತೂಗುಹಾಕಿ, ಬಂದ ಮಗು ತನ್ನ ಹೆಸರಿನ ಚೀಟಿಯನ್ನು ‘ಮನೆ’ಯ ಕಡೆಯಿಂದ ‘ಶಾಲೆ’ಯ ಕಡೆಗೆ ಹಾಕಲಿ. ಹಾಜರಿ ಕೂಗುವ ಐದು ನಿಮಿಷ ಉಳಿಯಿತು. ರಿಜಿಸ್ಟರ್ ತುಂಬುವಾಗ ಆ ಬಟ್ಟೆಯ ಮೇಲೊಮ್ಮೆ ಕಣ್ಣಾಡಿಸಿದರೆ ಸಾಕು. ಒಂದನೇ ತರಗತಿಯ ಮಗು ತನ್ನ ಹೆಸರನ್ನು ಗುರುತಿಸುವ ಮೊದಲ ಓದೂ ಅಲ್ಲೇ ಆಗುತ್ತದೆ. ಪುಸ್ತಕ ಹಂಚಲು, ನೀರಿನ ಕ್ಯಾನು ನೋಡಿಕೊಳ್ಳಲು, ಕಪ್ಪುಹಲಗೆ ಒರೆಸಲು ವಾರಕ್ಕೊಬ್ಬರಂತೆ ಸರದಿ ಇರಲಿ. ಸರದಿಯಲ್ಲಿ ಎಲ್ಲರ ಹೆಸರೂ ಬರಬೇಕು, ಜಾಣರೆನಿಸಿಕೊಂಡ ಮೂವರಷ್ಟೇ ಲೀಡರ್‌ಗಳಾಗಬಾರದು. ಶೌಚಾಲಯಕ್ಕೆ ಹೋಗಲು ಬಾಗಿಲಿನ ಮೊಳೆಗೆ ದಾರ ಕಟ್ಟಿದ ಒಂದು ಮರದ ತುಂಡು ತೂಗಿರಲಿ. ಅದು ಅಲ್ಲಿದ್ದರೆ ಕೊರಳಿಗೆ ಹಾಕಿಕೊಂಡು ಹೋಗಿಬರುವುದು, ಇಲ್ಲದಿದ್ದರೆ ಹೋದವರು ಬರುವವರೆಗೆ ಕಾಯುವುದು. ಕೇಳುವಂತಿಲ್ಲ, ಹೇಳುವಂತಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಸಹಾಯ ಕೇಳುವ ಕ್ರಮ. ತಿಳಿಯದಿದ್ದರೆ ಮೊದಲು ಪುಸ್ತಕವನ್ನೋ ಕಾರ್ಡನ್ನೋ ಇನ್ನೊಮ್ಮೆ ನೋಡು, ಆಮೇಲೆ ಪಕ್ಕದವರನ್ನು ಕೇಳು, ಆಮೇಲೆ ಗುಂಪಿನ ಇನ್ನಿಬ್ಬರನ್ನು ಕೇಳು, ಆಗಲೂ ಆಗದಿದ್ದರೆ ನನ್ನ ಬಳಿ ಬಾ. ಈ ಮೆಟ್ಟಿಲುಗಳನ್ನು ಗೋಡೆಗೆ ಬರೆದರೆ ಸಾಲದು, ನಾಟಕದಂತೆ ಆಡಿಸಿ ಅಭ್ಯಾಸ ಮಾಡಿಸಬೇಕು. ಬೇಗ ಮುಗಿಸಿದವರು ‘ಮಿಸ್, ಆಯ್ತು, ಏನ್ ಮಾಡ್ಲಿ?’ ಎಂದು ಬಂದು ನಿಲ್ಲದಂತೆ ದಾರಕ್ಕೆ ತೂಗುಹಾಕಿದ ಕಥೆಪುಸ್ತಕಗಳೋ, ಒಗಟಿನ ಚೀಟಿಗಳ ಡಬ್ಬವೋ ಕೈಗೆ ಸಿಗುವ ಎತ್ತರದಲ್ಲಿ ಇರಬೇಕು.

‘ಬಸವ ಅರಸನ ಮಗ’

ಮಗು ತಾನಾಗಿ ಕೆಲಸ ಮಾಡಬೇಕಾದರೆ ಓದು ಬೇಗ ಕೈಗೆ ಹತ್ತಬೇಕು. ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ. ವರ್ಣಮಾಲೆಯ 49 ಅಕ್ಷರ ಕಲಿತರೆ ಮುಗಿಯಲಿಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿದಾಗ ರೂಪಗಳ ಸಂಖ್ಯೆ ನಾನ್ನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ 2007ರಲ್ಲಿ ಸೊನಾಲಿ ನಾಗ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಅಕ್ಷರಗಳನ್ನು ಕರಗತ ಮಾಡಿಕೊಳ್ಳುವ ಕೆಲಸ ನಾಲ್ಕನೇ ತರಗತಿಯವರೆಗೂ ಚಾಚಿಕೊಳ್ಳುತ್ತದೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ತಡವರಿಸುವ ಮಗುವನ್ನು ದಡ್ಡ ಎನ್ನುವ ಮೊದಲು ಇದನ್ನು ನೆನೆಯಬೇಕು.

ಅ, ಆ, ಇ, ಈ ಎಂದು ಸಾಲಾಗಿ ಕಲಿಸುತ್ತಾ ಹೋದರೆ ಮಗು ತಿಂಗಳುಗಟ್ಟಲೆ ಒಂದು ಪದವನ್ನೂ ಓದದೆ ಅಕ್ಷರವನ್ನಷ್ಟೇ ಬಾಯಿಪಾಠ ಮಾಡುತ್ತಿರುತ್ತದೆ. ನಲಿ-ಕಲಿಯವರು ಆ ಕ್ರಮವನ್ನು ಮುರಿದರು. ಮೊದಲ ಗುಂಪು ‘ರ, ಗ, ಸ, ದ, ಅ’. ಬರೆಯಲು ಸುಲಭ, ತಿರುವು ಹೋಲುತ್ತವೆ, ಪದಗಳು ಕೂಡಲೇ ಹುಟ್ಟುತ್ತವೆ: ಸರ, ದರ, ಅಗಸ, ಅರಸ, ಗರಗಸ. ಎರಡನೇ ಗುಂಪು ‘ಜ, ವ, ಮ, ಬ, ನ’ ಸೇರಿದ ಕೂಡಲೇ ಮರ, ದನ, ಜನ, ಮಗ ಬರುತ್ತವೆ. ಹತ್ತೇ ಅಕ್ಷರದಲ್ಲಿ, ಕಾಗುಣಿತದ ಗೋಜಿಲ್ಲದೆ, ‘ಬಸವ ಅರಸನ ಮಗ’ ಎಂಬ ಇಡೀ ವಾಕ್ಯವನ್ನು ಮಗು ಓದಬಲ್ಲದು. ಹಾಗೆ ಓದಿದ ಮಗುವಿಗೆ ಅಕ್ಷರ ಕಲಿಯುವುದು ಏಕೆಂದು ಬೇರೆ ಹೇಳಬೇಕಿಲ್ಲ.

ಈ ಉಪಾಯವನ್ನು ಯಾವ ಶಾಲೆಯಲ್ಲಾದರೂ ಬೆಳೆಸಬಹುದು. ಕಲಿತ ಹತ್ತು ಅಕ್ಷರಗಳನ್ನು ರಟ್ಟಿನ ತುಂಡುಗಳಲ್ಲಿ ಬರೆದು ಗುಂಪಿಗೊಂದು ಡಬ್ಬ ಕೊಟ್ಟರೆ, ಮಕ್ಕಳು ಪದ ಕಟ್ಟುವ ಪಂದ್ಯದಲ್ಲಿ ತೊಡಗುತ್ತಾರೆ. ‘ಇದು ಪದವೋ ಅಲ್ಲವೋ’ ಎಂಬ ಜಗಳವೂ ಕಲಿಕೆಯೇ. ದಿನಾ ಐದು ನಿಮಿಷ ಉಕ್ತಲೇಖನ ಕೊಡಿ, ಅಂಕ ಕೊಡಬೇಡಿ, ತಪ್ಪುಗಳನ್ನು ವಿಂಗಡಿಸಿ. ‘ಅಮ್ಮ’ ಎಂಬುದನ್ನು ‘ಅಮ’ ಎಂದು ಬರೆದವರದು ಒಂದು ಗುಂಪು, ಅವರಿಗೆ ಒತ್ತು ಕೇಳಿಸುತ್ತಿಲ್ಲ. ‘ಕಾಲು’ ಎಂಬುದನ್ನು ‘ಕಲು’ ಎಂದವರಿಗೆ ದೀರ್ಘ ಹತ್ತಿಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಯಲ್ಲಿ ‘ಹಾಲು’ ಹಾಳೆಯ ಮೇಲೆ ‘ಆಲು’ ಆಗಿದ್ದರೆ ಮಗು ತಾನು ಮನೆಯಲ್ಲಿ ಆಡುವುದನ್ನು ಪ್ರಾಮಾಣಿಕವಾಗಿ ಬರೆದಿದೆ ಅಷ್ಟೇ. ಅದಕ್ಕೆ ಬೈಗುಳ ಬೇಡ, ಎರಡೂ ರೂಪಗಳನ್ನು ಪಕ್ಕಪಕ್ಕ ಓದಿಸುವ ಅಭ್ಯಾಸ ಬೇಕು. ‘ಸೂರ್ಯ’ ಬರೆಯುವಾಗ ಅರ್ಕಾವೊತ್ತನ್ನು ಎಲ್ಲಿಡಬೇಕೆಂದು ತಿಣುಕುವವರದು ಬೇರೆಯೇ ಕಷ್ಟ: ಮೊದಲು ಉಚ್ಚರಿಸುವುದನ್ನು ಆಮೇಲೆ ಬರೆಯಬೇಕು. ಹೀಗೆ ನಾಲ್ಕು ಗುಂಪಾದಾಗ ನಾಳೆ ಯಾರ ಪಕ್ಕ ಕೂರಬೇಕು, ಏನು ಹೇಳಿಕೊಡಬೇಕು ಎಂಬುದು ತಾನೇ ತೀರ್ಮಾನವಾಗುತ್ತದೆ.

ಅರ್ಥ ಆಯ್ತಾ ಮಕ್ಕಳೇ?

‘ಅರ್ಥ ಆಯ್ತಾ ಮಕ್ಕಳೇ?’ ‘ಆಯ್ತು ಮಿಸ್!’ ನಮ್ಮ ತರಗತಿಗಳಲ್ಲಿ ಅತಿ ಹೆಚ್ಚು ಸಲ ಕೇಳಿಸುವ ಪ್ರಶ್ನೋತ್ತರ ಇದೇ ಇರಬೇಕು. ಇದರಿಂದ ಶಿಕ್ಷಕರಿಗೆ ತಿಳಿಯುವುದು ಶೂನ್ಯ. ಒಕ್ಕೊರಲಿನ ಉತ್ತರದಲ್ಲಿ ಅರ್ಥವಾಗದ ಮಗು ಸುಲಭವಾಗಿ ಅಡಗಿಕೊಳ್ಳುತ್ತದೆ. ಕೈಯೆತ್ತಿದವರನ್ನಷ್ಟೇ ಕೇಳುವುದೂ ಹಾಗೆಯೇ. ದಿನವೂ ಎತ್ತುವ ಕೈಗಳು ಅದೇ ಐದಾರು.

ಇದಕ್ಕೆ ಅಗ್ಗದ ಪರಿಹಾರ ಸ್ಲೇಟು. ಪ್ರಶ್ನೆ ಕೇಳಿ, ಎಲ್ಲರೂ ಬರೆದ ಮೇಲೆ ‘ತೋರಿಸಿ’ ಎಂದಾಗ ಮೂವತ್ತು ಸ್ಲೇಟುಗಳು ಒಟ್ಟಿಗೆ ಮೇಲೇಳಬೇಕು. ಹತ್ತು ಸೆಕೆಂಡಿನಲ್ಲಿ ಇಡೀ ತರಗತಿಯ ಸ್ಥಿತಿ ಕಣ್ಣಿಗೆ ಬೀಳುತ್ತದೆ. ಎಲ್ಲರದೂ ಸರಿಯಿದ್ದರೆ ಮುಂದಕ್ಕೆ ಹೋಗಬಹುದು. ಅರ್ಧ ಜನ ತಪ್ಪಿದ್ದರೆ ಪಾಠವನ್ನೇ ಇನ್ನೊಂದು ಬಗೆಯಲ್ಲಿ ಹೇಳಬೇಕು. ನಾಲ್ವರು ಮಾತ್ರ ತಪ್ಪಿದ್ದರೆ ಉಳಿದವರಿಗೆ ಅಭ್ಯಾಸ ಕೊಟ್ಟು ಆ ನಾಲ್ವರೊಂದಿಗೆ ಕೂತರಾಯಿತು.

ಕಾಯುವುದೂ ಒಂದು ತಂತ್ರ ಎಂದು ತೋರಿಸಿದವರು ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ. 1970ರ ದಶಕದಲ್ಲಿ ಅವರು ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಹಿಂದುಳಿದವರೆನಿಸಿಕೊಂಡ ಮಕ್ಕಳೂ ಬಾಯಿಬಿಟ್ಟರು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ನೋಡಿ. ಆ ಮೌನ ಎಷ್ಟು ಉದ್ದ ಅನಿಸುತ್ತದೆಂದು ತಿಳಿಯುತ್ತದೆ. ಮಾತಾಡಲು ಹೆದರುವ ಮಕ್ಕಳಿರುವ ತರಗತಿಯಲ್ಲಿ ಇನ್ನೊಂದು ಹೆಜ್ಜೆ ಸೇರಿಸಬಹುದು. ‘ಮೊದಲು ಪಕ್ಕದವರಿಗೆ ಹೇಳಿ’ ಎಂದು ಅರ್ಧ ನಿಮಿಷ ಬಿಟ್ಟು, ಆಮೇಲೆ ಹೆಸರು ಬರೆದ ಕಡ್ಡಿಗಳ ಡಬ್ಬದಿಂದ ಒಂದನ್ನು ಎತ್ತುವುದು. ಒಮ್ಮೆ ಮೆಲ್ಲಗೆ ಹೇಳಿ ನೋಡಿದ ಉತ್ತರವನ್ನು ಎಲ್ಲರ ಮುಂದೆ ಹೇಳಲು ಅಷ್ಟು ಅಂಜಿಕೆಯಾಗದು.

ದಿನದ ಕೊನೆಗೆ ಒಂದೇ ಒಂದು ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಬರೆಸಿಕೊಳ್ಳಿ. ಬಂದಿದೆ, ಅರೆಬರೆ ಬಂದಿದೆ, ಬಂದಿಲ್ಲ ಎಂದು ಮೂರು ಗುಡ್ಡೆ ಮಾಡಲು ಐದು ನಿಮಿಷ ಹಿಡಿಯುತ್ತದೆ. ಮೂರನೇ ಗುಡ್ಡೆಯಲ್ಲಿರುವ ಹೆಸರುಗಳೇ ನಾಳೆಯ ಪಾಠಯೋಜನೆ.

ತಪ್ಪು ಲೆಕ್ಕದ ಒಳಗೆ ಒಂದು ತರ್ಕ

ಎರಡನೇ ತರಗತಿಯ ಮಗು 43ಕ್ಕೆ 28 ಕೂಡಿ 611 ಎಂದು ಬರೆಯುತ್ತದೆ. ಮೂರನೆಯದರ ಮಗು 52ರಲ್ಲಿ 27 ಕಳೆದು 35 ಎನ್ನುತ್ತದೆ. ‘ನೂರಾ ಐದು’ ಎಂದರೆ 1005 ಎಂದು ಬರೆಯುವವರೂ ಇದ್ದಾರೆ. ಕೆಂಪು ಪೆನ್ನಿನ ಗೀಟು ಇವೆಲ್ಲವನ್ನೂ ಒಂದೇ ಮಾಡಿಬಿಡುತ್ತದೆ. ಆದರೆ ಮೂರರ ಹಿಂದೆಯೂ ಬೇರೆ ಬೇರೆ ತರ್ಕವಿದೆ. ಮೊದಲ ಮಗು 3 ಮತ್ತು 8 ಸೇರಿ 11, 4 ಮತ್ತು 2 ಸೇರಿ 6 ಎಂದು ಸರಿಯಾಗಿಯೇ ಕೂಡಿದೆ. ಹತ್ತು ಬಿಡಿಗಳು ಸೇರಿ ಒಂದು ಹತ್ತಾಗುತ್ತದೆ ಎಂಬುದು ಮಾತ್ರ ಬಿಟ್ಟುಹೋಗಿದೆ. ಎರಡನೆಯದು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, ಏಕೆಂದರೆ ‘ಎರಡರಲ್ಲಿ ಏಳು ಹೋಗುವುದಿಲ್ಲ’ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಮೂರನೆಯದು ನೂರನ್ನು ಬರೆದು ಪಕ್ಕದಲ್ಲಿ ಐದನ್ನು ಬರೆದಿದೆ, ಕಿವಿಗೆ ಬಿದ್ದ ಹಾಗೆಯೇ.

‘ಹೇಗೆ ಮಾಡಿದೆ, ಹೇಳು ನೋಡೋಣ’ ಎಂಬ ಒಂದು ಮಾತು ಈ ತರ್ಕವನ್ನು ಹೊರತರುತ್ತದೆ. ಆಮೇಲೆ ಬೇಕಾಗುವುದು ತೆಂಗಿನ ಗರಿಯ ಕಡ್ಡಿಗಳು ಮತ್ತು ರಬ್ಬರ್ ಬ್ಯಾಂಡು. ಹತ್ತು ಕಡ್ಡಿ ಸೇರಿದರೆ ಕಟ್ಟಲೇಬೇಕು, ಹತ್ತು ಕಟ್ಟು ಸೇರಿದರೆ ಹೊರೆ. 52ರಲ್ಲಿ 27 ಕಳೆಯಲು ಐದು ಕಟ್ಟು, ಎರಡು ಬಿಡಿ ಕಡ್ಡಿ ಹಿಡಿದ ಮಗು ಏಳು ಬಿಡಿ ಕೊಡಬೇಕಾದಾಗ ತಾನೇ ಒಂದು ಕಟ್ಟನ್ನು ಬಿಚ್ಚುತ್ತದೆ. ‘ಸಾಲ ತಗೊ’ ಎಂದು ಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ಹತ್ತದ ವಿಷಯ ಕೈಗೆ ಹತ್ತುತ್ತದೆ. ನೆನಪಿಡಬೇಕಾದದ್ದು ಒಂದೇ: ಕಡ್ಡಿಯ ಆಟ ಮುಗಿದ ಮೇಲೆ ಪುಸ್ತಕದ ಲೆಕ್ಕ ಎಂದು ಬೇರೆ ಮಾಡಬಾರದು. ಕಟ್ಟು ಬಿಚ್ಚುತ್ತಿರುವಾಗಲೇ ಪಕ್ಕದ ಸ್ಲೇಟಿನಲ್ಲಿ 5ನ್ನು ಹೊಡೆದು 4 ಎಂದು ಬರೆಯಬೇಕು. ಕೈ ಮಾಡಿದ್ದೂ ಅಂಕಿ ಹೇಳಿದ್ದೂ ಒಂದೇ ಎಂದು ಕಾಣಬೇಕು.

ಅಕ್ಷರ ಫೌಂಡೇಷನ್‌ನ ಗಣಿತ ಕಲಿಕಾ ಆಂದೋಲನದ ಮೂಲಕ ರಾಜ್ಯದ ಸಾವಿರಾರು ಸರ್ಕಾರಿ ಶಾಲೆಗಳಿಗೆ ಇಂಥ ಸಾಮಗ್ರಿಯ ಕಿಟ್‌ಗಳು ಬಂದಿವೆ. ಕಳೆದುಹೋದರೆ ಯಾರು ಜವಾಬ್ದಾರಿ ಎಂಬ ಭಯಕ್ಕೆ ಅಂಥ ಕಿಟ್ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುವುದುಂಟು. ಮಕ್ಕಳ ಕೈಯಲ್ಲಿ ಸವೆದು ಮುರಿದ ಮಣಿಗಳ ಚೌಕಟ್ಟಿಗೆ ಯಾರೂ ಲೆಕ್ಕ ಕೇಳಬಾರದು. ಕೇಳಬೇಕಾದದ್ದು ವರ್ಷವಾದರೂ ಪ್ಯಾಕಿಂಗ್ ಬಿಚ್ಚದ ಕಿಟ್ಟಿನ ಲೆಕ್ಕ.

ತರಗತಿ ಐದು, ಓದು ಎರಡು

ಹಾಜರಿ ಪುಸ್ತಕದಲ್ಲಿ ಐದನೇ ತರಗತಿ ಎಂದಿದ್ದರೂ ಅಲ್ಲಿನ ಕೆಲವು ಮಕ್ಕಳ ಓದು ಎರಡನೆಯದರಲ್ಲೇ ನಿಂತಿರುತ್ತದೆ. ಅವರಿಗೆ ಐದನೇ ತರಗತಿಯ ಗದ್ಯವನ್ನು ಎಷ್ಟು ಸಲ ಓದಿ ಹೇಳಿದರೂ ಅದು ಕಿವಿಯ ಪಾಠವೇ. ಇಂಥ ಮಕ್ಕಳನ್ನು ತರಗತಿಯ ಬದಲು ಮಟ್ಟಕ್ಕೆ ಅನುಗುಣವಾಗಿ ದಿನಕ್ಕೊಂದು ಗಂಟೆ ಕೂರಿಸುವ ಪದ್ಧತಿಯನ್ನು ‘ಪ್ರಥಮ್’ ಸಂಸ್ಥೆ ದೇಶದ ಹಲವೆಡೆ ಬೆಳೆಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹಸಂಶೋಧಕರು ವಡೋದರ ಮತ್ತು ಮುಂಬೈಯಲ್ಲಿ ಪ್ರಥಮ್‌ನ ಬಾಲಸಖಿ ಕಾರ್ಯಕ್ರಮವನ್ನು ಪರೀಕ್ಷಿಸಿದ್ದರು. ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರು ಮೂಲ ಓದು-ಲೆಕ್ಕವನ್ನಷ್ಟೇ ಹೇಳಿಕೊಟ್ಟಾಗ ಕಲಿಕೆ ಸ್ಪಷ್ಟವಾಗಿ ಏರಿತ್ತು. ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ಕೆಲಸದ ಸಾಲಿನಲ್ಲಿ ಇದೂ ಸೇರಿದೆ. ಕರ್ನಾಟಕದಲ್ಲಿ ನಾಲ್ಕು ಮತ್ತು ಐದನೇ ತರಗತಿಗೆಂದು ಬಂದ ‘ಓದು ಕರ್ನಾಟಕ’ ಕಾರ್ಯಕ್ರಮದ ಬುನಾದಿಯೂ ಮಟ್ಟಕ್ಕೆ ತಕ್ಕಂತೆ ಕೂರಿಸುವ ಈ ಪದ್ಧತಿಯೇ.

ಮಾಡುವ ಬಗೆ ಸರಳ. ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು ಎರಡು ನಿಮಿಷ ಓದಿಸುವುದು: ಬಿಡಿ ಅಕ್ಷರ, ಪದ, ನಾಲ್ಕು ಸಾಲು, ಸಣ್ಣ ಕಥೆ. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಗುಂಪು. ಪದ ಬಲ್ಲವರಿಗೆ ವಾಕ್ಯ, ವಾಕ್ಯ ಬಲ್ಲವರಿಗೆ ಕಥೆ. ಇಲ್ಲಿ ಎರಡು ಎಚ್ಚರ ಬೇಕು. ಒಂದು, ಈ ಗುಂಪು ಆ ಒಂದು ಗಂಟೆಗಷ್ಟೇ. ಓದಿನಲ್ಲಿ ಹಿಂದಿರುವ ಮಗು ಲೆಕ್ಕದಲ್ಲಿ, ಚಿತ್ರದಲ್ಲಿ, ಆಟದಲ್ಲಿ ಮುಂದಿರಬಹುದು. ಎರಡು, ನಾಲ್ಕು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಬೇಕು. ಬದಲಾಗದ ಗುಂಪು ಹಣೆಪಟ್ಟಿಯಾಗುತ್ತದೆ, ಮಕ್ಕಳು ಅದನ್ನು ಮೂರೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಓದು ತಡವಾಗುವುದಕ್ಕೆ ಮನೆಮಾತೂ ಕಾರಣವಿರಬಹುದು. ತಾಂಡಾದ ಮಗು ಲಂಬಾಣಿಯಲ್ಲಿ, ಕರಾವಳಿಯ ಮಗು ತುಳು, ಕೊಂಕಣಿ ಅಥವಾ ಬ್ಯಾರಿಯಲ್ಲಿ, ಬಿಳಿಗಿರಿಯ ಮಗು ಸೋಲಿಗರ ಮಾತಿನಲ್ಲಿ ಯೋಚಿಸುತ್ತಾ ಶಾಲೆಗೆ ಬರುತ್ತದೆ. ಅದು ಸುಮ್ಮನಿದ್ದರೆ ವಿಷಯ ಗೊತ್ತಿಲ್ಲ ಎಂದಲ್ಲ, ಕನ್ನಡದ ಪದ ಸಿಕ್ಕಿಲ್ಲ ಎಂದಿರಬಹುದು. ‘ನಿಮ್ಮ ಮಾತಲ್ಲೇ ಹೇಳು’ ಎಂದು ಬಿಟ್ಟು, ಎರಡೂ ಬಲ್ಲ ಗೆಳತಿಯಿಂದ ಕನ್ನಡದಲ್ಲಿ ಹೇಳಿಸಬಹುದು. ಗೋಡೆಯ ಚಿತ್ರಗಳ ಕೆಳಗೆ ಮನೆಮಾತಿನ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆದರೆ, ಎರಡು ವಾರದಲ್ಲಿ ಆ ಮಗುವೇ ಉಳಿದವರಿಗೆ ಪದ ಹೇಳಿಕೊಡುವ ಮೇಷ್ಟ್ರಾಗುತ್ತದೆ.

ಬೆತ್ತ ಇಟ್ಟ ಮೇಲೆ

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಹೊಡೆಯದೆ ಹೇಗೆ ಕೇಳ್ತಾರೆ?’ ಎಂಬ ಗೊಣಗಾಟ, ಪೋಷಕರಿಂದಲೇ, ಇನ್ನೂ ನಿಂತಿಲ್ಲ. ಹೊಡೆತದ ಕ್ರೌರ್ಯದ ಮಾತು ಒಂದು ಕಡೆ ಇರಲಿ, ಗಮನದ ಲೆಕ್ಕದಲ್ಲೂ ಅದು ನಷ್ಟವೇ. ಒಬ್ಬನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರೆ ಇಪ್ಪತ್ತೊಂಬತ್ತು ಮಕ್ಕಳ ಕೆಲಸ ನಿಲ್ಲುತ್ತದೆ, ಗಲಾಟೆ ಮಾಡಿದವನಿಗೆ ಬೇಕಾಗಿದ್ದ ಗಮನ ಪೂರ್ತಿ ಸಿಗುತ್ತದೆ. ಪಾಠ ನಿಲ್ಲಿಸದೆ ಅವನ ಬಳಿ ಹೋಗಿ ನಿಲ್ಲುವುದು, ಪುಸ್ತಕದ ಮೇಲೆ ಬೆರಳಿಟ್ಟು ತೋರಿಸುವುದು, ಅಗತ್ಯವಿದ್ದರೆ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಮಾತಾಡುವುದು ಹೆಚ್ಚು ಕೆಲಸ ಮಾಡುತ್ತದೆ. ಇಡೀ ತರಗತಿಯನ್ನು ಸುಮ್ಮನಾಗಿಸಲು ಕೂಗುವ ಬದಲು ಚಪ್ಪಾಳೆಯ ಒಂದು ತಾಳ ಇರಲಿ. ಶಿಕ್ಷಕರು ತಟ್ಟಿದ್ದನ್ನು ಮಕ್ಕಳು ಮರುತಟ್ಟುವಷ್ಟರಲ್ಲಿ ಕೈಯಲ್ಲಿದ್ದ ಕೆಲಸ ನಿಂತಿರುತ್ತದೆ. ಹೊಗಳಿಕೆಯೂ ಅಷ್ಟೇ. ‘ಜಾಣೆ’ ಎಂದರೆ ಮಗುವಿಗೆ ಸಂತೋಷ. ‘ತಪ್ಪಾದ ಲೆಕ್ಕವನ್ನು ನೀನೇ ಕಂಡುಹಿಡಿದು ತಿದ್ದಿದೆಯಲ್ಲ’ ಎಂದರೆ ನಾಳೆಯೂ ಏನು ಮಾಡಬೇಕೆಂದು ತಿಳಿಯುತ್ತದೆ.

ಸೋರಿಕೆ ಎಲ್ಲಿ?

ಇಷ್ಟೆಲ್ಲ ಉಪಾಯಗಳಿದ್ದರೂ ಗಮನ ಸೋರಿಹೋಗುವ ತೂತುಗಳು ಹಲವು, ಅವುಗಳಲ್ಲಿ ದೊಡ್ಡವು ತರಗತಿಯ ಹೊರಗಿವೆ. ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಾಹಿತಿ ತುಂಬಬೇಕು, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಬರೆಯಬೇಕು, ಇವತ್ತೇ ಬೇಕೆಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಉತ್ತರ ಕೊಡಬೇಕು. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಬಳಸಬಾರದು ಎಂದು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಶಾಲೆಯ ಮೇಜಿನ ಮೇಲಿನ ಕಡತಗಳು ಬೇರೆ ಕಥೆ ಹೇಳುತ್ತವೆ.

ನಲಿ-ಕಲಿ ಸೊರಗಿದ ಕಡೆಯೂ ಕಾರಣಗಳು ಹೀಗೆ ತರಗತಿಯ ಹೊರಗಿನವೇ. ಕಾರ್ಡು ಹರಿದು ಬದಲಿ ಬರದಿದ್ದಾಗ, ಒಬ್ಬರ ಮೇಲೆ ಮಕ್ಕಳ ಸಂಖ್ಯೆ ಏರಿದಾಗ, ಭೇಟಿಗೆ ಬಂದವರು ‘ಎಲ್ಲರೂ ಯಾವ ಪಾಠದಲ್ಲಿದ್ದಾರೆ?’ ಎಂದು ಕೇಳಿದಾಗ ಏಣಿ ಗೋಡೆಯ ಅಲಂಕಾರವಾಗಿ ಉಳಿಯಿತು. ಒಬ್ಬೊಬ್ಬರೂ ಒಂದೊಂದು ಮೆಟ್ಟಿಲಲ್ಲಿರುವುದು ಆ ಪದ್ಧತಿಯ ಪ್ರಾಣ. ಎಲ್ಲರೂ ಒಂದೇ ಪುಟದಲ್ಲಿರಬೇಕೆಂದು ಕೇಳಿದ ದಿನವೇ ಅದು ನಿಂತುಹೋಗುತ್ತದೆ. ಕೇಂದ್ರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಆರಂಭವಾದಾಗ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಮೂಲ ಲೆಕ್ಕ ಕಲಿತಿರಬೇಕು ಎಂಬ ಗುರಿಗೆ 2026–27ರ ಗಡುವು ಇಟ್ಟಿತು. ಗುರಿ ಸರಿಯಾದದ್ದೇ. ಅದನ್ನು ಮುಟ್ಟಿಸುವುದು ಹೊಸ ಆ್ಯಪ್ ಅಲ್ಲ, ಶಿಕ್ಷಕರಿಗೆ ಉಳಿಸಿಕೊಡುವ ಹೊತ್ತು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಶಾಲೆಗೆ ಬಂದಾಗ ದಾಖಲೆ ಕೇಳುವ ಮೊದಲು ಅರ್ಧ ಗಂಟೆ ಒಂದು ಗುಂಪಿನೊಂದಿಗೆ ಕೂತು ಪಾಠ ಮಾಡಿದರೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಬಿಸಿಯೂಟದ ಉಸ್ತುವಾರಿಯನ್ನು ನಿಜವಾಗಿ ಹೊತ್ತುಕೊಂಡರೆ, ಅದೇ ದೊಡ್ಡ ನೆರವು.

ಶಿಕ್ಷಕರ ಕೈಯಲ್ಲೇ ಇರುವುದೂ ಕಡಿಮೆಯೇನಲ್ಲ. ಇಲ್ಲಿ ಹೇಳಿದ್ದನ್ನೆಲ್ಲ ಒಟ್ಟಿಗೆ ಶುರು ಮಾಡಿದರೆ ಯಾವುದೂ ನಿಲ್ಲುವುದಿಲ್ಲ. ಒಂದು ತಿಂಗಳಿಗೆ ಒಂದನ್ನೇ ಹಿಡಿಯಬೇಕು. ಸ್ಲೇಟು ಎತ್ತಿಸುವುದೋ, ಸಹಾಯ ಕೇಳುವ ಕ್ರಮವೋ, ತಮ್ಮ ತರಗತಿಗೆ ಹೆಚ್ಚು ಬೇಕಾದದ್ದು ಯಾವುದೋ ಅದು. ಅದು ಫಲಿಸಿತೇ ಎಂದು ತಿಳಿಯಲು ಒಂದು ಹಾಳೆಯಲ್ಲಿ ಮಕ್ಕಳ ಹೆಸರು ಬರೆದು, ಪಕ್ಕದಲ್ಲಿ ಕೂತು ಎರಡು ನಿಮಿಷ ಮಾತಾಡಿದ ಮಗುವಿನ ಮುಂದೆ ಆಯಾ ದಿನವೇ ಒಂದು ಗುರುತು ಹಾಕುತ್ತಾ ಹೋಗಬಹುದು. ಶನಿವಾರ ನೋಡಿದರೆ ತುಂಬ ತುಂಟರ ಮುಂದೆಯೂ ತುಂಬ ಚುರುಕಿನವರ ಮುಂದೆಯೂ ಗುರುತುಗಳು ಸಾಲುಗಟ್ಟಿರುತ್ತವೆ. ಖಾಲಿ ಇರುವುದು ತಂಟೆ ಮಾಡದ, ಕೈಯೆತ್ತದ, ಕೊಟ್ಟದ್ದನ್ನು ಮಾಡಿಕೊಂಡು ಸುಮ್ಮನಿರುವ ಮಕ್ಕಳ ಸಾಲು. ಸೋಮವಾರದ ಮೊದಲ ಪೀರಿಯಡ್ ಆ ಹೆಸರುಗಳಿಂದ ಶುರುವಾದರೆ ತಂತ್ರ ಕೆಲಸ ಮಾಡುತ್ತಿದೆ ಎಂದರ್ಥ.